ಹಿರೋಷಿಮಾಕ್ಕೆ ಒಂದು ಈಡುಗಾಯಿ

ಅರಸೀಕೆರೆ

ಊರಿಗೆಲ್ಲ ಇರುವ ಹಬ್ಬಗಳ ಜೊತೆಗೆ ನಮ್ಮ ತವರುಮನೆಯಲ್ಲಿ ಇನ್ನೊಂದಿತ್ತು. ಪಂಚಾಂಗದಲ್ಲಿ ಅದಕ್ಕೆ ಜಾಗವಿಲ್ಲ. ಆಗಸ್ಟ್ ಆರರ ಬೆಳಿಗ್ಗೆ ಅಪ್ಪ ಸ್ನಾನ ಮಾಡಿ, ವಿಭೂತಿ ಧರಿಸಿ, ಇದ್ದ ಕಾಯಿಗಳಲ್ಲೇ ದೊಡ್ಡದೊಂದನ್ನು ಆರಿಸಿಕೊಂಡು ಹೋಗಿ ನಮ್ಮ ಕೊಬ್ಬರಿ ಮಂಡಿಯ ಹಿಂದಿನ ಗಣಪತಿ ಗುಡಿಯ ಮುಂದೆ ಈಡುಗಾಯಿ ಒಡೆಯುತ್ತಿದ್ದ. ಬೀದಿಯ ಮಕ್ಕಳೆಲ್ಲ ಚೂರು ಹೆಕ್ಕಲು ಮುಗಿಬೀಳುತ್ತಿದ್ದರು. ಅವರಲ್ಲಿ ನಾನೂ ಒಬ್ಬಳು. ಮನೆಯಲ್ಲಿ ಅದಕ್ಕೆ ಬಾಂಬ್ ಕಾಯಿ ಎಂದೇ ಹೆಸರು. ಹಿರೋಷಿಮಾದ ಮೇಲೆ ಬಾಂಬು ಬಿದ್ದ ದಿನ ಅದು.

ಅಪ್ಪ ಹುಡುಗನಾಗಿದ್ದಾಗ ಮಹಾರಾಜರ ಪಟಾಲಮ್ಮಿಗೆ ಅಡಿಗೆಯವನಾಗಿ ಸೇರಿ, ಸಿಂಗಪುರಕ್ಕೆ ಹೋಗಿ, ಜಪಾನಿನವರ ಕೈಗೆ ಸಿಕ್ಕಿಬಿದ್ದ. ಹೆಸರು ಗೊತ್ತಿಲ್ಲದ ಒಂದು ದ್ವೀಪದಲ್ಲಿ ವಿಮಾನ ಇಳಿಯುವ ದಾರಿಗೆ ಕಲ್ಲು ಹೊತ್ತ. ಹಸಿವಿಗೆ ಬಸವನಹುಳು ತಿಂದ. ಹುಟ್ಟಿನಿಂದ ಮೊಟ್ಟೆ ಮುಟ್ಟದ ಲಿಂಗವಂತರ ಹುಡುಗ. ಅವನ ಬೆನ್ನ ಮೇಲೆ ಉದ್ದುದ್ದ ಗಾಯದ ಗೆರೆಗಳಿದ್ದವು. ಎಣ್ಣೆ ಹಚ್ಚುವಾಗ ಅಮ್ಮನ ಬೆರಳು ಅಲ್ಲಿ ನಿಧಾನವಾಗುತ್ತಿತ್ತು. "ಆ ಬಾಂಬ್ ಬೀಳ್ದೆ ಇದ್ದಿದ್ರೆ ನಾನು ಬತ್ತಿರ್ಲಿಲ್ಲ, ನೀವ್ಯಾರೂ ಹುಟ್ತಿರ್ಲಿಲ್ಲ" ಎಂದು ಅಪ್ಪ ಕಾಯಿ ಒಡೆದು ಬಂದು ಹೇಳುತ್ತಿದ್ದ. ನಾವು ಕಾಯಿ ಚೂರು ಅಗಿಯುತ್ತಾ ತಲೆಯಾಡಿಸುತ್ತಿದ್ದೆವು.

ಅಪ್ಪ ಹೋದ ಮೇಲೆ ಕಾಯಿ ಅಣ್ಣ ಚನ್ನಬಸಪ್ಪನ ಕೈಗೆ ಬಂತು, ಮಂಡಿಯೂ ಬಂತು. ಅತ್ತಿಗೆ ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಎಪ್ಪತ್ತೈದು ದಾಟಿದ ಅಣ್ಣನಿಗೆ ಈಗ ಬಲಭುಜ ಮೇಲೇಳುವುದಿಲ್ಲ. "ನನ್ ನಂತ್ರ ನೀನೇ ಒಡೀಬೇಕು ಕಣೇ ಗಿರಿಜಾ" ಎಂದು ಎರಡು ವರ್ಷದಿಂದ ನನ್ನ ಬೆನ್ನು ಹತ್ತಿದ್ದ. ನಾನು ಆಗಲಿ ಎನ್ನಲಿಲ್ಲ, ಆಗದು ಎನ್ನುವ ಧೈರ್ಯವೂ ಬರಲಿಲ್ಲ.

ನಾನು ಇರುವುದು ಹಳೇಬೀಡಿನಲ್ಲಿ, ಗುಡಿ ತೋರಿಸುವ ಗೈಡು. ಪಕ್ಕದ ಬಸ್ತಿಹಳ್ಳಿಯ ಜೈನರು ಧರಣೇಂದ್ರಯ್ಯನವರು ನಮ್ಮ ಮನೆಗೆ ಬೇಕಾದವರು. ಹಿಂದೊಮ್ಮೆ ಬಾಂಬ್ ಕಾಯಿಯ ಚೂರು ಕೊಡಲು ಹೋದಾಗ ಕೈ ಹಿಂದೆ ಕಟ್ಟಿಕೊಂಡಿದ್ದರು. "ನಿಮ್ಮಪ್ಪ ಬದುಕಿ ಬಂದಿದ್ದು ನಂಗೂ ಸಂತೋಷ ಕಣಮ್ಮ. ಆದ್ರೆ ಈ ಕಾಯಿ ಒಡ್ದಿದ್ದು ಯಾರಿಗೆ? ದೇವ್ರಿಗೋ, ಬಾಂಬಿಗೋ?" ಎಂದರು. ನಾನು ನಕ್ಕು ಬಂದುಬಿಟ್ಟೆ. ಆ ಮಾತು ಮಾತ್ರ ಕಾಲಿಗೆ ಚುಚ್ಚಿದ ಜಾಲಿಮುಳ್ಳಿನ ಹಾಗೆ ಒಳಗೇ ಮುರಿದು ಉಳಿಯಿತು.

ಈ ವರ್ಷ ಅಣ್ಣ ಹೊಸ ರಾಗ ತೆಗೆದ. "ಒಂದ್ಸಲ ಅಲ್ಲೇ ಹೋಗಿ ಒಡ್ದು ಬತ್ತೀನಿ. ಆಮ್ಯಾಕೆ ನಿಂದು." ಹಿರೋಷಿಮಾಕ್ಕೆ ಹೋಗಿ, ಬಾಂಬು ಬಿದ್ದಿದ್ದಕ್ಕೆ ಈಡುಗಾಯಿ ಒಡೆಯುವುದು! ಹೆಣದ ಮನೆಗೆ ಹೋಗಿ ಒಬ್ಬಟ್ಟು ಹಂಚಿದಂತೆ. ಬೈದೆ, ಅತ್ತುಬಿಟ್ಟೆ, ಆಮೇಲೆ ಅವನನ್ನು ತಡೆಯುವುದಕ್ಕಾದರೂ ಆಯಿತು ಎಂದು ಅವನು ಹೊರಟ ಜಪಾನ್ ಟೂರಿಗೇ ನನ್ನ ಹೆಸರನ್ನೂ ಬರೆಸಿದೆ.

ವಿಮಾನ ನಿಲ್ದಾಣ

ನಮ್ಮ ತಂಡವನ್ನು ಕರೆದೊಯ್ಯುತ್ತಿದ್ದವಳು ಬೆಂಗಳೂರಿನ ಸುಮನಾ. ಜಪಾನಿ ಭಾಷೆ ಬಲ್ಲ ಚುರುಕಿನ ಹೆಣ್ಣು. "ಅಂಕಲ್, ತೆಂಗಿನಕಾಯಿ ತಗೊಂಡ್ ಹೋದ್ರೆ ಅಲ್ಲಿ ಕಿತ್ಕೊಂಡ್ರೂ ಕಿತ್ಕೊಂಡ್ರೇ" ಎಂದು ಅಣ್ಣನನ್ನು ಮೊದಲೇ ಹೆದರಿಸಿದ್ದಳು. ಮಂಡಿ ವ್ಯಾಪಾರದವನು ಅಷ್ಟಕ್ಕೆ ಸೋಲುತ್ತಾನೆಯೇ? ಕಾಯಿ ಬಿಟ್ಟು ಉಂಡೆ ಕೊಬ್ಬರಿ ತಂದಿದ್ದ. ಒಣಗಿದ ಕೊಬ್ಬರಿಗೆ ಯಾರು ಏನೆನ್ನುತ್ತಾರೆ, ಕಲ್ಲಿಗೆ ಅಪ್ಪಳಿಸಿದರೆ ಅದೂ ಒಡೆಯುತ್ತದೆ ಎನ್ನುವುದು ಅವನ ಉಪಾಯ.

ಪೆಟ್ಟಿಗೆ ತಪಾಸಣೆಯಲ್ಲಿ ಅದೇ ಸಿಕ್ಕಿಬಿತ್ತು. "ಸರ್, ಇದನ್ನ ಬಿಡಲ್ಲ. ಬೆಂಕಿ ಹತ್ಕೊಳ್ಳೋ ವಸ್ತು" ಎಂದಳು ಅಲ್ಲಿದ್ದ ಹುಡುಗಿ.

"ತಿನ್ನೋ ಕೊಬ್ರಿ ಕಣಮ್ಮ, ಅರಸೀಕೆರೇದು! ಇಡೀ ದೇಸಕ್ಕೆ ಕಳಿಸ್ತೀವಿ."

"ಗೊತ್ತು ಸರ್. ಎಣ್ಣೆ ಇರುತ್ತಲ್ಲ. ವಿಮಾನಕ್ಕೆ ಅಪಾಯ."

ಜೀವಮಾನವೆಲ್ಲ ಕೊಬ್ಬರಿ ಮಾರಿದ ಅಣ್ಣ, ಕೊಬ್ಬರಿಯನ್ನು ಪಟಾಕಿಯ ಜೊತೆ ಸೇರಿಸಿದ್ದಕ್ಕೆ ಅವಮಾನದಿಂದ ಕೆಂಪಾದ. ನನಗೆ ಒಳಗೊಳಗೇ ಖುಷಿ. ಹಿರೋಷಿಮಾಕ್ಕೆ ಹೊರಟವನ ಕೈಯಿಂದ, ಬೆಂಕಿ ಹತ್ತೀತೆಂದು ಕೊಬ್ಬರಿಯನ್ನು ಕಿತ್ತುಕೊಳ್ಳುವ ಲೋಕ! ಸಾಮಾನ್ಯ ಜನರ ಪೆಟ್ಟಿಗೆಯನ್ನು ಇಷ್ಟು ಜೋಪಾನವಾಗಿ ನೋಡುವವರು ದೊಡ್ಡವರ ಪೆಟ್ಟಿಗೆಯನ್ನೂ ಒಮ್ಮೆ ತೆಗೆಸಿ ನೋಡಿದ್ದರೆ ಎಷ್ಟೋ ಚೆನ್ನಾಗಿತ್ತು.

ರೈಲಿನಲ್ಲಿ

ತಂಡದವರೆಲ್ಲ ಹೂವು ನೋಡಲು ಬಂದವರು. ನಾವು ಇಳಿಯುವಷ್ಟರಲ್ಲಿ ಹೂವೆಲ್ಲ ಉದುರಿ ಹೋಗಿತ್ತು. ಅದಕ್ಕೆ ಎಲ್ಲರೂ ಸುಮನಾಳ ಮೇಲೆ ಸಿಡಿಮಿಡಿ, ಅವಳೇ ಮರ ಅಲ್ಲಾಡಿಸಿದಂತೆ. ಊಟದ ಕಥೆ ಬೇಡ. ಸೊಪ್ಪಿನ ಸಾರು ಎಂದು ಕೊಟ್ಟರೆ ತಳದಲ್ಲಿ ಮೀನಿನ ವಾಸನೆ. ಅಣ್ಣ ಚಟ್ನಿಪುಡಿ ಡಬ್ಬಿಯನ್ನು ಕಿಸೆಯಲ್ಲೇ ಇಟ್ಟುಕೊಂಡು ಓಡಾಡಿದ. ಇನ್ನೊಂದು ಕಿಸೆಯಲ್ಲಿ ಬಾಳೆಹಣ್ಣಿನ ಸಿಪ್ಪೆ. ಬೆಳಿಗ್ಗೆ ತಿಂದದ್ದನ್ನು ಎಸೆಯಲು ಸಂಜೆಯವರೆಗೂ ಒಂದು ಕಸದ ಡಬ್ಬಿ ಸಿಗಲಿಲ್ಲ. ಕಸದ ಡಬ್ಬಿ ಇಲ್ಲ, ಕಸವೂ ಇಲ್ಲ. ನಮ್ಮಲ್ಲಿ ಎರಡೂ ಇವೆ, ಅಕ್ಕಪಕ್ಕದಲ್ಲೇ ಇವೆ, ಒಂದರೊಳಗೆ ಇನ್ನೊಂದು ಬೀಳುವುದಿಲ್ಲ.

ಹಿರೋಷಿಮಾದ ರೈಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. "ಯಾರಾದ್ರೂ ಸತ್ತವ್ರೇನೇ?" ಎಂದು ಅಣ್ಣ ಇಡೀ ಡಬ್ಬಿಗೆ ಕೇಳುವಂತೆ ಕೇಳಿದ. ಅವನ ಕಾಲ ಬಳಿ ಒಂದು ಕೈಚೀಲವಿತ್ತು. ಹಿಂದಿನ ದಿನ ಅಂಗಡಿಯೊಂದರಲ್ಲಿ ಹುಡುಕಿ, ಬೇರೆ ದೇಶದಿಂದ ಬಂದ ತೆಂಗಿನಕಾಯಿ ಕೊಂಡಿದ್ದ. ಸಿಪ್ಪೆ ಹೆರೆದು ಬೆಳ್ಳಗೆ ಮಾಡಿ ಪ್ಲಾಸ್ಟಿಕ್ ಸುತ್ತಿದ ಕಾಯಿ. "ಎಳನೀರಿಗೂ ಸಲ್ಲ, ಕಾಯಿಗೂ ಸಲ್ಲ. ಜುಟ್ಟೇ ಇಲ್ಲ" ಎಂದು ಬೈಯುತ್ತಲೇ ತಂದಿದ್ದ.

"ಅಣ್ಣ, ಅದನ್ನ ಅಲ್ಲಿ ಒಡೀಬೇಡ" ಎಂದೆ.

"ಒಂದ್ ಕೇಳ್ತೀನಿ, ಹೇಳು. ಆ ಯುದ್ಧ ಇನ್ನೊಂದ್ ವರ್ಸ ನಡ್ದಿದ್ರೆ ಎಷ್ಟ್ ಜನ ಸಾಯ್ತಿದ್ರು?"

"ನಂಗೊತ್ತಿಲ್ಲ. ನಿಂಗೂ ಗೊತ್ತಿಲ್ಲ. ಹಾಕ್ದೋರಿಗೂ ಗೊತ್ತಿರ್ಲಿಲ್ಲ. ಸಮುದ್ರದಲ್ಲಿ ಹಾಕಿ ತೋರಿಸ್ಬೋದಿತ್ತಲ್ಲ, ನೋಡ್ರಪ್ಪಾ ನಮ್ಮತ್ರ ಇಂಥಾದ್ದು ಐತೆ ಅಂತ?"

"ಒಂದ್ ಊರು ಸುಟ್ಟೋದ್ರೂ ಅವತ್ತೇ ಸೋಲು ಒಪ್ಕಳ್ದೋರು, ಮೀನು ಸತ್ರೆ ಒಪ್ತಿದ್ರಾ?"

ಅಣ್ಣ ಓದಿದ್ದು ಕಡಿಮೆ, ಈ ಒಂದು ವಿಷಯವನ್ನು ಮಾತ್ರ ಅರವತ್ತು ವರ್ಷದಿಂದ ಮೆಲುಕು ಹಾಕಿದ್ದಾನೆ. ನಾನೂ ಬಿಡದೆ, "ಎರಡನೇದು ಯಾಕೆ ಹಾಕಿದ್ರು? ಮೂರು ದಿನ ತಡೆಯಕ್ಕಾಗಿತ್ತು, ಇನ್ನೂ ನಾಕು ದಿನ ಆಗ್ತಿರ್ಲಿಲ್ವಾ?" ಎಂದೆ.

"ಅದು ನಂಗೂ ಗೊತ್ತಿಲ್ಲ" ಎಂದು ಅವನು ಕಿಟಕಿಯ ಕಡೆ ತಿರುಗಿದ. ಹೊರಗೆ ನಾಟಿಗೆ ನೀರು ಕಟ್ಟಿದ ಗದ್ದೆಗಳು, ನಮ್ಮ ಹಳೇಬೀಡಿನ ಹತ್ತಿರದ ಹಗರೆಯ ಕಡೆಯವೇ ಎನ್ನುವಂತೆ ಓಡುತ್ತಿದ್ದವು.

ಹಿರೋಷಿಮಾ

ಊರು ಹೊಚ್ಚಹೊಸದು. ಟ್ರಾಮು ಓಡಾಡುತ್ತದೆ, ಹುಡುಗಿಯರು ಐಸ್‌ಕ್ರೀಮು ತಿನ್ನುತ್ತಾರೆ. ಹಳೇಬೀಡು ಹಾಳಾಗಿ ಶತಮಾನಗಳು ಕಳೆದರೂ ಹಾಳು ಎಂಬ ಹೆಸರನ್ನೇ ಹೊದ್ದು ಕೂತಿದೆ. ಇದು ಅಪ್ಪನ ಕಾಲದಲ್ಲಿ ಬೂದಿಯಾಗಿ, ನನ್ನ ವಯಸ್ಸಿನೊಳಗೇ ಮತ್ತೆ ಎದ್ದು ನಿಂತಿದೆ. ಹಾಳಾದದ್ದರ ಗುರುತಿಗೆ ಒಂದು ಕಟ್ಟಡ ಉಳಿಸಿಕೊಂಡಿದ್ದಾರೆ, ಗುಮ್ಮಟದ ಕಬ್ಬಿಣದ ಪಕ್ಕೆಲುಬು ಮಾತ್ರ ಉಳಿದದ್ದು. ಜನ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮ ಹತ್ತಿರ ಮೂಗು ಮುರಿದ ವಿಗ್ರಹದ ಪಕ್ಕ ನಿಂತು ನಗುತ್ತಾರಲ್ಲ, ಅದೇ ನಗೆ.

ಮ್ಯೂಸಿಯಮ್ಮಿನಲ್ಲಿ ಒಂದು ಕಲ್ಲಿನ ಮೆಟ್ಟಿಲು ಇದೆ. ಅದರ ಮೇಲೆ ಕೂತಿದ್ದವರ ನೆರಳಷ್ಟೇ ಉಳಿದಿದೆ. ಕಲ್ಲು ಎಂದರೆ ನನ್ನ ಅನ್ನ. ಹಳೇಬೀಡಿನ ಗೋಡೆಯಲ್ಲಿ ಆನೆಯ ಸಾಲು, ಕುದುರೆಯ ಸಾಲು, ಬಿಲ್ಲು ಹಿಡಿದವರ ಸಾಲು ತೋರಿಸಿ, "ತಾತ ಶುರು ಮಾಡಿದ್ದನ್ನು ಮೊಮ್ಮಗ ಮುಗಿಸಿದ್ದಾನೆ" ಎಂದು ದಿನಾ ಹೇಳುತ್ತೇನೆ. ಶಿಲ್ಪಿಗಳು ವಿಗ್ರಹದ ಕೆಳಗೆ ಕೊರೆದ ಹೆಸರುಗಳನ್ನು ಟಾರ್ಚು ಬಿಟ್ಟು ಓದಿ ಹೇಳುತ್ತೇನೆ. ಆ ಗೋಡೆಯಲ್ಲಿ ಎಷ್ಟೊಂದು ಯುದ್ಧವಿದೆ, ಆದರೆ ಹೊಡೆಯುವವನಿಗೆ ಎದುರು ಹೊಡೆಯುವವನೊಬ್ಬ ಇದ್ದೇ ಇರುತ್ತಾನೆ. ಈ ಮೆಟ್ಟಿಲಿನ ಮೇಲೆ ಕೂತಿದ್ದವರ ಎದುರಿಗೆ ಯಾರೂ ಇರಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಗಾಜಿನ ಪೆಟ್ಟಿಗೆಯಲ್ಲೂ ಅಪ್ಪನ ಬೆನ್ನನ್ನು ಹುಡುಕಿದೆ. ಸುಟ್ಟ ಅಂಗಿಗಳಿದ್ದವು, ಕರಗಿದ ಶೀಸೆಗಳಿದ್ದವು. ದ್ವೀಪದಲ್ಲಿ ಕಲ್ಲು ಹೊತ್ತವನ ಬೆನ್ನು ನಾನು ನೋಡಿದ ಕಡೆ ಎಲ್ಲೂ ಕಾಣಲಿಲ್ಲ. ಹೊರಗೆ ಸತ್ತವರ ಸ್ಮಾರಕದ ಕಲ್ಲಿನ ಮೇಲೆ, ತಪ್ಪು ಮತ್ತೆ ಆಗದು ಎಂಬರ್ಥದ ಮಾತಿದೆಯಂತೆ. ಯಾರ ತಪ್ಪು ಎಂದು ಅದರಲ್ಲಿಲ್ಲ ಎಂದಳು ಸುಮನಾ. ನಾನು ಗೈಡು, ಈ ಜಾಣತನ ನನಗೆ ಗೊತ್ತು. ಈ ಗುಡಿ ಹಾಳು ಮಾಡಿದ್ದು ಯಾರು ಎಂದು ಕೇಳಿದವರ ಮುಖ ನೋಡಿಕೊಂಡು ನಾವೂ ಮಾತು ಆರಿಸುತ್ತೇವೆ. ಕೆಟ್ಟದ್ದೆಲ್ಲ ತಾನಾಗಿಯೇ ನಡೆದುಹೋಗಿದ್ದರೆ ಎಲ್ಲರಿಗೂ ಅನುಕೂಲ.

ಫುಮಿಕೊ

ಅಲ್ಲಿ ಊರಿನ ಹಿರಿಯರೇ ಬಂದವರಿಗೆ ಜಾಗ ತೋರಿಸುತ್ತಾರೆ. ನಮಗೆ ಸಿಕ್ಕಿದ ಫುಮಿಕೊ ಹೆಚ್ಚುಕಡಿಮೆ ಅಣ್ಣನ ವಯಸ್ಸಿನವರು. ಬಟ್ಟೆಯ ಟೋಪಿ, ಎದೆಯ ಮೇಲೆ ಬಿಲ್ಲೆ. ಎಲ್ಲಿ ನಿಂತರೆ ಬಿಸಿಲು ಕೇಳುವವರ ಕಣ್ಣಿಗೆ ಹೊಡೆಯುವುದಿಲ್ಲ ಎಂದು ನೋಡಿ ನಮ್ಮನ್ನು ನಿಲ್ಲಿಸಿದರು. ನಾನೂ ಹಾಗೆಯೇ ಮಾಡುತ್ತೇನೆ. ಹೆಂಗಸು ಕಸುಬಿನವಳು ಎಂದು ಅಷ್ಟಕ್ಕೇ ಗೊತ್ತಾಯಿತು. ಮೊದಲು ಅವರು ಕೊರಿಯಾದವರ ಸ್ಮಾರಕ ತೋರಿಸಿದರು, ಕಲ್ಲಿನ ಆಮೆಯ ಬೆನ್ನ ಮೇಲೆ ಒಂದು ಕಂಬ. ಬಲವಂತಕ್ಕೆ ದುಡಿಯಲು ಬಂದವರೂ ಆ ದಿನ ಇಲ್ಲಿ ಸತ್ತರು, ಸೆರೆಸಿಕ್ಕ ಅಮೆರಿಕದ ಸೈನಿಕರೂ ಸತ್ತರು ಎಂದರು.

"ಅವ್ರ್ ಬಾಂಬಿಗೆ ಅವ್ರ್ ಸೆರೆಯಾಳೇ ಸತ್ರಾ?" ಎಂದ ಅಣ್ಣ. ಅವನು ಆಮೆಯ ತಲೆಯನ್ನೇ ನೋಡುತ್ತಾ ನಿಂತ. ಆಮೇಲೆ ಒಮ್ಮೆಲೇ ಚೀಲದಿಂದ ಆ ಬಿಳಿ ಕಾಯಿ ತೆಗೆದ. ನಾನು ಅವನ ಕೈ ಹಿಡಿದುಕೊಂಡೆ. ಅವನು ಕೊಡವಿ, "ಸುಮನಾ, ಇದ್ಯಾಕೆ ತಂದಿದೀನಿ ಅಂತ ಇವರಿಗೆ ಹೇಳಮ್ಮ. ಕದ್ದು ಮುಚ್ಚಿ ಒಡ್ಯೋನಲ್ಲ ನಾನು" ಎಂದ.

ಸುಮನಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ತಡವರಿಸುತ್ತಾ, ಅಣ್ಣನ ಬಾಯಲ್ಲಿ ಕೇಳಿದ್ದನ್ನೆಲ್ಲ ಹೇಳಿದಳು: ಅಪ್ಪ, ದ್ವೀಪ, ಬೆನ್ನು, ಪ್ರತಿ ವರ್ಷದ ಕಾಯಿ, ಅಪ್ಪನ ಆ ಮಾತು. ಫುಮಿಕೊ ಎರಡೂ ಕೈಯಲ್ಲಿ ಕಾಯಿ ಇಸಿದುಕೊಂಡು ತೂಕ ನೋಡುವಂತೆ ಹಿಡಿದು, ಹೇಗೆ ಒಡೆಯುತ್ತೀರಿ ಎಂದು ಕೇಳಿದರು. ಅಣ್ಣ ಎಡಗೈ ಎತ್ತಿ ತೋರಿಸಿದ.

"ಒಡೆದ ಮೇಲೆ ಚೂರು ಯಾರು ಹೆಕ್ತಾರೆ ಅಂತ ಕೇಳ್ತಿದಾರೆ" ಎಂದಳು ಸುಮನಾ.

"ಮಕ್ಕಳು. ಬೀದಿ ಮಕ್ಕಳೆಲ್ಲ ಬತ್ತವೆ."

ಆಮೇಲೆ ಫುಮಿಕೊ ಆಡಿದ ಒಂದೊಂದು ಮಾತನ್ನೂ ಸುಮನಾ ನಿಲ್ಲಿಸಿ ನಿಲ್ಲಿಸಿ ಹೇಳಿದಳು. "ನನ್ನ ಅಣ್ಣ ಶಾಲೆಗೆ ಹೋಗೋ ಹುಡುಗ. ಬಾಂಬ್ ಬಿದ್ರೆ ಬೆಂಕಿ ಹರಡಬಾರದು ಅಂತ ಊರಲ್ಲಿ ಸಾಲುಸಾಲು ಮನೆಗಳನ್ನ ಕೆಡವ್ತಿದ್ರು. ಹೆಂಚಿನ ಚೂರು ಹೆಕ್ಕೋಕೆ ಶಾಲೆ ಮಕ್ಕಳನ್ನ ಕಳಿಸ್ತಿದ್ರು. ಆವತ್ತು ಬೆಳಿಗ್ಗೆ ಅವನು ಚೂರು ಹೆಕ್ತಿದ್ದ. ಅವನದು ಏನೂ ಸಿಗಲಿಲ್ಲ. ಅವನು ಇದ್ದಿದ್ರೆ ನಮ್ಮಮ್ಮ ಇನ್ನೊಂದು ಮಗು ಹೆರ್ತಿರ್ಲಿಲ್ಲ. ಅವನು ಹೋದ ಅಂತ ನನ್ನ ಹೆತ್ತಳು. ನೀವು ಹೇಳಿದ ಹಾಗೇನೇ, ಆ ಬಾಂಬ್ ಬೀಳದೆ ಇದ್ದಿದ್ರೆ ನಾನೂ ಹುಟ್ತಿರ್ಲಿಲ್ಲ. ನಮ್ಮನೇಲಿ ಅದಕ್ಕೆ ಯಾರೂ ಯಾರಿಗೂ ಕೈಮುಗಿದಿಲ್ಲ."

ಅಣ್ಣ ಒಂದು ಹೆಜ್ಜೆ ಮುಂದೆ ಬಂದ. "ನಮ್ಮಪ್ಪನ ಬೆನ್ನು ನೋಡಿದ್ರೆ ನೀವು ಹಿಂಗ್ ಮಾತಾಡ್ತಿರ್ಲಿಲ್ಲ."

ಸುಮನಾ ಇದನ್ನು ಹೇಳಲೋ ಬೇಡವೋ ಎಂದು ಒದ್ದಾಡಿದಳು. ಹೇಳಿದಳು. ಫುಮಿಕೊ ಸೊಂಟ ಬಗ್ಗಿಸಿ ಅಣ್ಣನಿಗೆ ನಮಸ್ಕರಿಸಿದರು. ನಮಸ್ಕಾರ ತಣ್ಣಗಿತ್ತು, ಮಾತು ಅದಕ್ಕಿಂತ ತಣ್ಣಗಿತ್ತು. "ಅದನ್ನ ಮಾಡಿದ್ದು ನಮ್ಮವರು. ನಾನು ಇಲ್ಲ ಅನ್ನಲ್ಲ. ಅದಕ್ಕೆ ನನ್ನ ಅಣ್ಣ ಏನು ಮಾಡಬೇಕಿತ್ತು?"

ಅವರು ಕಾಯಿಯನ್ನು ಅಣ್ಣನ ಕೈಗೇ ವಾಪಸ್ಸು ಕೊಟ್ಟರು. ಒಡೆಯಬೇಡಿ ಎನ್ನಲಿಲ್ಲ, ಒಡೆಯಿರಿ ಎಂದೂ ಅನ್ನಲಿಲ್ಲ. ಸತ್ತವರ ಹೆಸರುಗಳೆಲ್ಲ ಸ್ಮಾರಕದ ಕಲ್ಲಿನ ಪೆಟ್ಟಿಗೆಯೊಳಗಿವೆ, ತಮ್ಮ ಅಣ್ಣನ ಹೆಸರೂ ಇದೆ ಎಂದು ಹೇಳಿ, ಬಿಲ್ಲೆ ಸರಿಮಾಡಿಕೊಂಡು ಕಾಯುತ್ತಿದ್ದ ಮುಂದಿನ ಗುಂಪಿನ ಕಡೆ ನಡೆದರು.

ಅಣ್ಣ ಹೊಳೆಯ ದಂಡೆಯ ಕಲ್ಲುಬೆಂಚಿನ ಮೇಲೆ ಕೂತ. ಮಳೆ ಹನಿಯತೊಡಗಿತು. ಗುರುತು ಪರಿಚಯವಿಲ್ಲದ ಯಾರೋ ಒಬ್ಬಾತ ತನ್ನ ಕೊಡೆಯನ್ನು ಅಣ್ಣನ ಕೈಗೆ ತುರುಕಿ, ತಾನು ತೋಯಿಸಿಕೊಂಡೇ ಓಡಿಹೋದ. ಅಣ್ಣ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಕಾಯಿ ಹಿಡಿದು, "ಇಂಥೋರೇ ಏನೇ ನಮ್ಮಪ್ಪನ್ನ ಹೊಡ್ದಿದ್ದು?" ಎಂದು ಕೇಳಿದ.

ಕಾಯಿ ಹೋಟೆಲಿನ ಕೋಣೆಯಲ್ಲೇ ಉಳಿಯಿತು. ಊರಿಗೆ ಬರುವವರೆಗೂ ಅಣ್ಣ ಅದರ ಸುದ್ದಿ ಎತ್ತಲಿಲ್ಲ. ಗೆದ್ದೆ ಎಂದುಕೊಂಡೆ.

ಮತ್ತೆ ಅರಸೀಕೆರೆ

ಆಗಸ್ಟ್ ಐದರಂದು ಫೋನು ಬಂತು. "ನಾಳೆ ಬೆಳಿಗ್ಗೆ ಬಾ." ಅಷ್ಟೇ.

ಹಳೇಬೀಡಿನಿಂದ ಜಾವಗಲ್ಲಿನ ಮೇಲೆ ಹೋಗುವ ಮೊದಲ ಬಸ್ಸು ಹತ್ತಿದೆ. ಒಡೆಯುವುದಿಲ್ಲ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿಕೊಂಡು ಹೋದೆ. ಗುಡಿಯ ಮುಂದೆ ಅಣ್ಣ ಆಗಲೇ ನಿಂತಿದ್ದ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಜುಟ್ಟಿರುವ ನಮ್ಮೂರಿನ ಕಾಯಿ. ಸುತ್ತ ಬೀದಿಯ ಮಕ್ಕಳು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತಿದ್ದರು. ಅವಕ್ಕೆ ಬಾಂಬೂ ಗೊತ್ತಿಲ್ಲ, ಜಪಾನೂ ಗೊತ್ತಿಲ್ಲ. ಕಾಯಿ ಗೊತ್ತು.

"ತಗೋ. ನನ್ ಕೈ ಏಳಲ್ಲ" ಎಂದು ಕಾಯಿ ನನ್ನ ಮುಂದೆ ಹಿಡಿದ.

"ನಾನು ಒಡೆಯಲ್ಲ ಅಣ್ಣ."

"ಯಾಕೆ?"

"ಯಾಕೆ ಅಂತ ನಿಂಗೂ ಗೊತ್ತು."

ಅಣ್ಣನ ದನಿ ಏರಲಿಲ್ಲ, ಒಡೆದಿತ್ತು. "ಹಂಗಾರೆ ಅಪ್ಪ ಬರ್ದೇ ಇರ್ಬೇಕಿತ್ತಾ? ಅಷ್ಟ್ ಹೇಳ್ಬಿಡು. ಅಲ್ಲೇ ಸತ್ತೋಗ್ಬೇಕಿತ್ತು ಅಂದ್ಬಿಡು, ಕಾಯಿ ಕೆಳಗಿಡ್ತೀನಿ."

ಎಲ್ಲ ವಾದದ ತಳದಲ್ಲಿ ಇದ್ದದ್ದು ಇದೇ ಪ್ರಶ್ನೆ. ರೈಲಿನಲ್ಲಿ ಅವನು ಇದನ್ನು ಕೇಳಿರಲಿಲ್ಲ, ನನ್ನ ಮೇಲಿನ ಮಮತೆಗೆ ಬಚ್ಚಿಟ್ಟುಕೊಂಡಿದ್ದ. ಹೌದು ಎಂದರೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ಕೂತ ಅಪ್ಪ ಎದ್ದು ಹೋಗುತ್ತಾನೆ. ಅಲ್ಲ ಎಂದರೆ ಕಾಯಿ ನನ್ನ ಕೈಗೆ ಬರುತ್ತದೆ. ಇಂಥ ಲೆಕ್ಕಕ್ಕೆ ನಮ್ಮನ್ನು ಸಿಕ್ಕಿಸಿದವರು ಎಲ್ಲೋ ನೆಮ್ಮದಿಯಾಗಿ ಬಾಳಿ ಸತ್ತರು, ಅವರ ಮಕ್ಕಳು ಯಾರೂ ಯಾವ ಗುಡಿಯ ಮುಂದೂ ಹೀಗೆ ಜಗಳಾಡುತ್ತಿರಲಾರರು ಎಂದು ನನಗೆ ಅಳುವಷ್ಟು ಸಿಟ್ಟು ಬಂತು.

"ಅಪ್ಪ ಬಂದಿದ್ದು ನಂಗೆ ಸಂತೋಷ ಅಣ್ಣ. ಆ ಸಂತೋಷಕ್ಕೆ ಕಾಯಿ ಒಡ್ಯೋಕೆ ನನ್ನತ್ರ ದೇವ್ರಿಲ್ಲ" ಎಂದೆ.

"ತಾತಾ, ಒಡೀರಿ ತಾತಾ! ಬೇಗ ಒಡೀರಿ!" ಎಂದು ಮಕ್ಕಳು ಕೂಗಿದರು.

"ದೂರ ಹೋಗ್ರಲಾ" ಎಂದ ಅಣ್ಣ. ಈಡುಗಾಯಿ ಒಡೆಯುವವರೆಲ್ಲ ಹಾಗೇ ಅನ್ನುತ್ತಾರೆ, ಮಕ್ಕಳು ನಕ್ಕು ಇನ್ನೂ ಹತ್ತಿರ ಬರುತ್ತಾರೆ. "ದೂರ ಹೋಗ್ರಲಾ ಅಂದ್ರೆ!" ಎಂದು ಅಣ್ಣ ಅರಚಿದ. ಮಕ್ಕಳು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಅವನು ಎಡಗೈಯಿಂದ ಬಲಗೈಯನ್ನು ಎತ್ತಿಹಿಡಿದು ಕಾಯಿ ಒಡೆದ.

ಕಾಯಿ ಚೂರುಚೂರಾಯಿತು. ಮಕ್ಕಳು ಮುಗಿಬಿದ್ದು, ಒಬ್ಬರ ಮೇಲೊಬ್ಬರು ಬಿದ್ದು, ಹೆಕ್ಕಿಕೊಂಡು, ಕೂಗಾಡುತ್ತಾ ಓಡಿದರು. ಪ್ರತಿ ವರ್ಷ ಒಂದು ಚೂರು ತನಗೆ, ಒಂದು ಚೂರು ನನಗೆ ಎಂದು ಕೇಳಿ ಇಸಿದುಕೊಳ್ಳುತ್ತಿದ್ದ ಅಣ್ಣ ಈ ಸಲ ಕೇಳಲಿಲ್ಲ. ಒದ್ದೆಯಾದ ಕಲ್ಲನ್ನು ನೋಡುತ್ತಾ ನಿಂತಿದ್ದ.

"ಆ ಹುಡುಗನ ಹೆಸ್ರು ಏನಂದ್ಳೇ ಆ ಯಮ್ಮ?"

ನಾನು ನೆನಪಿಸಿಕೊಂಡೆ. ಆಮೆ ನೆನಪಾಯಿತು, ಬಟ್ಟೆಯ ಟೋಪಿ ನೆನಪಾಯಿತು, ಕಲ್ಲಿನ ಪೆಟ್ಟಿಗೆ ನೆನಪಾಯಿತು. ಹಳೇಬೀಡಿನ ಶಿಲ್ಪಿಗಳ ಹೆಸರನ್ನು ನಿದ್ದೆಯಲ್ಲೂ ಹೇಳಬಲ್ಲೆ.

"ನಾವು ಕೇಳ್ಲೇ ಇಲ್ಲ ಅಣ್ಣ" ಎಂದೆ.